ನೂರಾ ಹದಿನೆಂಟನೇ ಮುಖ

ಫೆಬ್ರವರಿ 3, ಸೋಮವಾರ

ಮ್ಯೂಸಿಯಂ ಕೋಣೆ ಬೆಳಗ್ಗೆ 21 ಡಿಗ್ರಿ, ಮಧ್ಯಾಹ್ನ 23. ಬರೆದಿಟ್ಟೆ. ಇಪ್ಪತ್ತೈದು ದಾಟಿದರೆ ಮೇಣ ಮೆತ್ತಗಾಗುತ್ತದೆ, ಕೂಡಲೇ ತಿಳಿಸಬೇಕಂತೆ. ಯಾರಿಗೆ ಅಂತ ಯಾರೂ ಹೇಳಿಲ್ಲ.

ಇವತ್ತು ಆರು ಮೇಣದ ಮುಖಗಳಿಗೆ ಲೇಬಲ್ ಬರೆದೆ. ಮ್ಯೂಸಿಯಂ ನೋಡಿಕೊಳ್ಳುವ ಡಾಕ್ಟರಮ್ಮ ಮೂರನ್ನು ವಾಪಸ್ ಕಳಿಸಿದರು. 98ನೇ ಮುಖಕ್ಕೆ ‘ಮುಚ್ಚಿದ ರೆಪ್ಪೆಗಳ ಹಿಂದೆ ಏನೋ ಕಾಯುತ್ತಿರುವಂತೆ’ ಎಂದು ಬರೆದಿದ್ದೆ. ಅದರ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ — ‘ಯಾರೂ ಕಾಯುತ್ತಿಲ್ಲ. ರೋಗ ಎಲ್ಲಿದೆ ಹೇಳು.’ ಎಂ.ಎ.ಯಲ್ಲಿ ಎರಡು ವರ್ಷ ಕಲಿತದ್ದನ್ನು ಇಲ್ಲಿ ದಿನಕ್ಕೆ ಆರರಂತೆ ಮರೆಯುತ್ತಿದ್ದೇನೆ.

ಸಂಜೆ ಚಹಾ ಹೊತ್ತಿಗೆ ಭಾವ ಮತ್ತೆ ಶುರು ಮಾಡಿದರು.

“ಅಲ್ಲಾ ಮೇಡಂ, ಆ ಮುಖಗಳು ಬದುಕಿದ್ದವರದ್ದಾ, ಸತ್ತವರದ್ದಾ?”

“ಬದುಕಿದ್ದವರದ್ದು ಭಾವ. ಕಲರ್ ಫೋಟೋ ಇಲ್ಲದ ಕಾಲ. ಚರ್ಮದ ರೋಗ ಹೇಗೆ ಕಾಣುತ್ತೆ ಅಂತ ವಿದ್ಯಾರ್ಥಿಗಳಿಗೆ ತೋರಿಸ್ಬೇಕಿತ್ತು. ಅದಕ್ಕೆ ರೋಗಿಯ ಮುಖಕ್ಕೇ ಪ್ಲಾಸ್ಟರ್ ಹಚ್ಚಿ, ಅಚ್ಚು ತೆಗೆದು, ಮೇಣ ಹೊಯ್ದು ಬಣ್ಣ ಹಾಕ್ತಿದ್ರು.”

“ಎಷ್ಟಿವೆ?”

“ಮುನ್ನೂರ ಹನ್ನೆರಡು.”

“ಮುನ್ನೂರ ಹನ್ನೆರಡು ಜನ, ಒಬ್ಬರೂ ಬಾಯಿ ಬಿಡಲ್ಲ! ನಿನಗೆ ಹೇಳಿ ಮಾಡಿಸಿದ ಆಫೀಸು ಬಿಡು.”

ಅಕ್ಕ ನಕ್ಕಳು. ನಾನೂ. ನಿಜ ಹೇಳಬೇಕೆಂದರೆ ಭಾವ ತಪ್ಪು ಹೇಳಿಲ್ಲ. ಆ ನೆಲಮಾಳಿಗೆಯಲ್ಲಿ ಯಾರೂ ನನ್ನನ್ನು ಮಾತಾಡು ಎನ್ನುವುದಿಲ್ಲ. ಮೇಲಿನ ಮೆಡಿಕಲ್ ಕಾಲೇಜಿನಲ್ಲಿ ಐದು ವರ್ಷ ಓದಿ ಡಾಕ್ಟರಾಗಿ ಹೋದವರಿಗೂ ಅಂಥದೊಂದು ಕೋಣೆ ಇದೆ ಎಂದು ಗೊತ್ತಿಲ್ಲ.

ಫೆಬ್ರವರಿ 4, ಮಂಗಳವಾರ

ಮೇಣದಯ್ಯ 87ರ ಕಿವಿ ಸರಿಮಾಡುತ್ತಿದ್ದರು. (ಮೇಣದಯ್ಯ — ನಾನಿಟ್ಟ ಹೆಸರು, ಮನಸ್ಸಿನಲ್ಲೇ.) ಬಿರುಕು ಮುಚ್ಚುವುದು, ಉದುರಿದ ಹುಬ್ಬನ್ನು ಒಂದೊಂದೇ ಕೂದಲಾಗಿ ನೆಡುವುದು, ಮುಖದ ಸುತ್ತಲಿನ ಬಿಳಿ ಬಟ್ಟೆಯನ್ನು ಹೊಲಿಯುವುದು ಅವರ ಕೆಲಸ. ನಲವತ್ತು ವರ್ಷದಿಂದ ಇಲ್ಲೇ. ಏಪ್ರಿಲ್ ಕೊನೆಗೆ ನಿವೃತ್ತಿ.

“ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗ್ಬೇಕಿತ್ತು ಕಣಮ್ಮ. ಕಣ್ಣು ಬಿಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಅಳೋ ಹಾಗೂ ಇಲ್ಲ. ಅತ್ತರೆ ಪ್ಲಾಸ್ಟರ್ ಹಿಡಿಯಲ್ಲ.”

“ಯಾರಾದ್ರೂ ಅತ್ತಿದ್ರಾ?”

“ಅತ್ತವರ ಮುಖ ಇಲ್ಲಿ ಇಲ್ವಲ್ಲ.”

ಇದನ್ನು ಲೇಬಲ್ಲಿನಲ್ಲಿ ಬರೆಯಲು ಡಾಕ್ಟರಮ್ಮ ಬಿಡುವುದಿಲ್ಲ. ಇಲ್ಲಿ ಬರೆದೆ.

ಮೊದಲ ರಿಜಿಸ್ಟರು — 1ರಿಂದ 150 — ಬೈಂಡಿಂಗಿಗೆ ಹೋದದ್ದು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಪ್ರತಿ ಮುಖದ ಕೆಳಗಿರುವ ಕಪ್ಪು ಬೋರ್ಡೇ ಆಧಾರ. ಬೋರ್ಡಿನಲ್ಲಿ ಇರುವುದು ಎರಡೇ. ಸಂಖ್ಯೆ, ರೋಗ. ಹೆಸರು ಎಲ್ಲೂ ಇಲ್ಲ.

ಫೆಬ್ರವರಿ 6, ಗುರುವಾರ

ಗುರುವಾರ ಎರಡರಿಂದ ನಾಲ್ಕು ಸಾರ್ವಜನಿಕರಿಗೆ ಪ್ರವೇಶ. ಸಾರ್ವಜನಿಕರು ಬರುವುದಿಲ್ಲ. ಇವತ್ತು ಒಬ್ಬರು ಬಂದರು.

ಎಪ್ಪತ್ತೆಂಟು ವರ್ಷವಂತೆ. ಇಸ್ತ್ರಿ ಮಾಡಿದ ಶರ್ಟು, ಕತ್ತಿನ ಗುಂಡಿಯವರೆಗೂ ಹಾಕಿದ್ದರು. ಮೆಟ್ಟಿಲು ಇಳಿದು ಬಂದವರು ಏದುಸಿರು ಬಿಡುತ್ತಾ ಕಪಾಟುಗಳ ಕಡೆ ನೋಡದೆ ನನ್ನನ್ನೇ ನೋಡಿದರು.

“ಇಲ್ಲಿ ನಮ್ಮಮ್ಮ ಇದ್ದಾಳಂತೆ.”

ಜೇಬಿನಿಂದ ಹಳದಿ ಚೀಟಿ ತೆಗೆದು ಕೊಟ್ಟರು. ಮಡಿಕೆಯಲ್ಲಿ ಹರಿದಿತ್ತು. ‘ಮಾದರಿ ಸಂಖ್ಯೆ 118. ಅಚ್ಚಿಗೆ ಕುಳಿತದ್ದಕ್ಕಾಗಿ ದಿನಕ್ಕೊಂದು ಲೋಟ ಹಾಲು, ಮೂವತ್ತು ದಿನ.’ ಮೂಲೆಯಲ್ಲಿ ಮಸುಕಾದ ತಾರೀಖು, ಕೆಳಗೆ ಸಣ್ಣ ಸಣ್ಣ ಮೂವತ್ತು ಚೌಕ.

“ಅಪ್ಪನ ಪೆಟ್ಟಿಗೆ ತಳದಲ್ಲಿತ್ತು. ಹೋದ ವರ್ಷ ಸಿಕ್ತು. ಇದೇನು ಅಂತ ಕೇಳಿ ಕೇಳಿ ಕೊನೆಗೆ ಇಲ್ಲಿಗೆ ಬಂದೆ. ಅವಳ ಫೋಟೋ ಒಂದೂ ಇಲ್ಲಮ್ಮ. ನನಗೆ ನಾಲ್ಕು ವರ್ಷ ಇದ್ದಾಗ ಆಸ್ಪತ್ರೆಗೆ ಸೇರಿಸಿದ್ರು. ಮುಖ ಮರೆತು ಹೋಗಿದೆ.”

118. ಎರಡನೇ ಕಪಾಟು, ಮೇಲಿನ ಸಾಲು. ಬೀಗ ತೆಗೆದೆ. ದೇವರೇ ಹೆಚ್ಚು ಹಾಳಾದ ಮುಖ ಆಗದಿರಲಿ ಎಂದುಕೊಂಡೆ.

ಆಗಿರಲಿಲ್ಲ. ಚೆಂದದ ಹೆಂಗಸು. ಗಲ್ಲದ ಪಕ್ಕ ಅಂಗಿಯ ಗುಂಡಿಯಷ್ಟು ಕೆಂಪು ಕಲೆ. ಅಷ್ಟೇ. ಬೋರ್ಡಿನ ಮೇಲೆ ‘ಚರ್ಮದ ಕ್ಷಯ’.

ಅವರು ಗಡಿಯಾರ ರಿಪೇರಿಯವರು. ಜೇಬಿನಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ತೆಗೆದು ಹತ್ತಿರ ಬಾಗಿದರು. ರೆಪ್ಪೆ, ತುಟಿ, ಕಿವಿ. ನಲವತ್ತು ನಿಮಿಷ. ಕೊನೆಗೆ, “ಚಿಕ್ಕ ಹುಡುಗಿ ಕಣಮ್ಮ,” ಅಂದರು. “ನನ್ನ ಮಗಳಿಗಿಂತ ಚಿಕ್ಕವಳು.”

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಒಂದೇ ಉಸಿರಿಗೆ. ಇಷ್ಟು ಮಾತಾಡಿದ್ದು ಯಾವಾಗ ಅಂತ ಅಕ್ಕ ಕೇಳಿದಳು.

ಫೆಬ್ರವರಿ 13, ಗುರುವಾರ

ಬಂದರು. ಸ್ಟೂಲ್ ಹಾಕಿಟ್ಟಿದ್ದೆ. “ಕೂತ್ಕೊಳ್ಳಿ ಸರ್” ಅಂದರೆ, “ಸರ್ ಅಂದ್ರೆ ಹಿಂದೆ ತಿರುಗಿ ನೋಡ್ತೀನಿ, ತಾತ ಅನ್ನು” ಎಂದರು. ಇನ್ನು ತಾತ.

ಮೇಣದಯ್ಯ ಚೀಟಿ ನೋಡಿದರು. ಬೆಳಕಿಗೆ ಹಿಡಿದು ತಿರುಗಿಸಿದರು.

“ಇದು ಹಾಲಿನ ಚೀಟಿ. ನಾನು ಬರೋ ಹೊತ್ತಿಗೆ ನಿಂತು ಹೋಗಿತ್ತು, ಹಳಬರು ಹೇಳ್ತಿದ್ರು. ಅಚ್ಚಿಗೆ ಕೂತವರಿಗೆ ಕೊಡೋದು. ದಿನಾ ಒಂದು ಚೌಕ ಹರಿದು ಕೊಟ್ರೆ ಒಂದು ಲೋಟ ಹಾಲು. ಆಸ್ಪತ್ರೆ ಹಾಲಿನ ಅಂಗಡಿಗೆ ಯಾರು ತಗೊಂಡು ಹೋದ್ರೂ ಕೊಡೋರು.”

ಮೂವತ್ತು ಚೌಕವೂ ಹಾಗೇ ಇದ್ದವು.

“ಅಂದ್ರೆ ಅವಳು ಕುಡಿಯಲಿಲ್ಲ,” ಅಂದರು ತಾತ.

“ಚೀಟೀನೇ ಮನೆಗೆ ಕಳಿಸಿರ್ಬೇಕು. ಹಾಲು ನಿಮಗೆ ಸಿಗ್ಲಿ ಅಂತ,” ಅಂದೆ. ಬಾಯಿ ತಪ್ಪಿ ಬಂತು. ಸುಮ್ಮನಿರಬೇಕಿತ್ತು.

ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ತಾತ ಹೇಳಿದರು. ಅಮ್ಮ ಎಲ್ಲಿ ಎಂದು ಕೇಳಿದಾಗಲೆಲ್ಲ ಅವರಪ್ಪನದು ಒಂದೇ ಉತ್ತರವಂತೆ. ಅವಳಿಗೆ ವಾಸಿಯಾಯಿತು, ಆದರೂ ಮನೆಗೆ ಬರಲಿಲ್ಲ, ಇನ್ನೊಬ್ಬನ ಜೊತೆ ಹೋದಳು. ಅಜ್ಜಿ ಮಾತ್ರ ಒಮ್ಮೆ, ಅಪ್ಪ ಇಲ್ಲದಾಗ, ಪಾಪ ಅವಳಿಗೆ ತುಂಬಾ ಜೋರಾಗಿತ್ತು ಕಣೋ ಎಂದಿದ್ದಳಂತೆ.

“ಅಪ್ಪ ಹೇಳಿದ್ದು ನಿಜವಾ, ಅಜ್ಜಿ ಹೇಳಿದ್ದು ನಿಜವಾ ಅಂತ ಎಪ್ಪತ್ತು ವರ್ಷ ತಲೆ ತಿಂದಿದೆ ಅದು. ಮುಖ ನೋಡಿದ್ರೆ ಗೊತ್ತಾಗುತ್ತೆ ಅಂದ್ಕೊಂಡೆ.”

ನೋಡಿದರಲ್ಲ. ಗೊತ್ತಾಯಿತಾ ಎಂದು ನಾನು ಕೇಳಲಿಲ್ಲ. ಗುಂಡಿಯಷ್ಟು ಕಲೆ.

ಫೆಬ್ರವರಿ 14

118ರ ಲೇಬಲ್ ಐದು ಸಲ ಬರೆದೆ. ಡಾಕ್ಟರಮ್ಮ ಐದನೆಯದಕ್ಕೂ ಗೆರೆ ಎಳೆದರು. “ನಿನಗೆ ಈ ಹೆಂಗಸು ಪರಿಚಯವೇನೇ?”

ಫೆಬ್ರವರಿ 20, ಗುರುವಾರ. ಸಂಜೆ 5

ಇವತ್ತು ಸ್ಟೂಲಿನಲ್ಲಿ ಕೂರಲೇ ಇಲ್ಲ. ಗಾಜಿನ ಮುಂದೆ ನಿಂತು ಮುಖದ ಜೊತೆ ನೇರವಾಗಿ ಮಾತು. ನಾನು ಇರುವುದು ಮರೆತವರ ಹಾಗೆ.

“ಇಷ್ಟೇ ತಾನೇ ನಿನಗೆ ಆಗಿದ್ದು? ಇಷ್ಟಕ್ಕೆ ಬರಲಿಲ್ಲವಾ? ಗಲ್ಲದ ಮೇಲೊಂದು ಕಲೆ. ನಾನು ಆ ಕಲೆ ನೋಡಿ ಓಡಿಹೋಗ್ತಿದ್ನಾ?”

ನಾನು ಥರ್ಮಾಮೀಟರ್ ನೋಡುತ್ತಾ ನಿಂತೆ. 22.

“ಹಾಲು ಕಳಿಸಿದ್ಲಂತೆ. ಹಾಲು ಕಳಿಸಿಬಿಟ್ರೆ ಆಯ್ತಾ? ಯಾರ ಕೈಯಲ್ಲೋ ಚೀಟಿ ಕಳಿಸೋಕೆ ಆಗುತ್ತೆ, ಎರಡು ಬೀದಿ ನಡೆದು ಬರೋಕೆ ಆಗಲ್ಲ.”

ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು, ಆದರೆ ಅಳುತ್ತಿರಲಿಲ್ಲ.

“ಅಪ್ಪ ಹೇಳಿದ್ದೇ ನಿಜ ಅಂತ ಆಯ್ತಲ್ಲಮ್ಮ. ನಾನು ಅವನನ್ನೇ ಸುಳ್ಳುಗಾರ ಅಂದ್ಕೊಂಡಿದ್ದೆ. ಅವನು ಸಾಯೋವಾಗ ಸರಿಯಾಗಿ ಮಾತೂ ಆಡಿಸಲಿಲ್ಲ.”

ಏನಾದರೂ ಹೇಳಬೇಕಿತ್ತು. ಪುಸ್ತಕಗಳಲ್ಲಿ ಇಂಥ ಜಾಗದಲ್ಲಿ ಯಾರಾದರೂ ಏನಾದರೂ ಹೇಳುತ್ತಾರೆ. ಒಂದು ಲೋಟ ನೀರು ಕೊಟ್ಟೆ.

ಫೆಬ್ರವರಿ 24, ಸೋಮವಾರ

ರಿಜಿಸ್ಟರ್ ಬಂತು. ಹೊಸ ರಟ್ಟು, ಅಂಟಿನ ವಾಸನೆ. ಮೊದಲು ತೆಗೆದದ್ದು 118.

‘ಹೆಣ್ಣು, 27. ಚರ್ಮದ ಕ್ಷಯ, ಮೂರನೇ ವರ್ಷ. ಮೂಗು ಪೂರ್ತಿ, ಮೇಲ್ತುಟಿ, ಎಡಗೆನ್ನೆ ಕಿವಿಯವರೆಗೆ. ಅಚ್ಚು ತೆಗೆದದ್ದು ಅಕ್ಟೋಬರ್ 19.’ ಕೊನೆಯ ಕಾಲಂ ಬೇರೆ ಶಾಯಿ — ‘ಜನವರಿ 30. ವಾರ್ಡ್ 4ರಲ್ಲಿ ಮರಣ.’

ಮೂಗು ಪೂರ್ತಿ.

ಕಪಾಟಿನ 118ಕ್ಕೆ ಮೂಗು ಇದೆ. ಚೆಂದದ, ಸಣ್ಣ ಮೂಗು.

ಮೇಣದಯ್ಯನ ಮೇಜಿಗೆ ಓಡಿದೆ. ಪುಟ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಎದ್ದು ಹೋಗಿ 118 ಇಳಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಮುಖವನ್ನು ಬೋರ್ಡಿನಿಂದ ಬೇರೆ ಮಾಡಿ ಮಗುಚಿದರು. ಮೇಣದ ಬೆನ್ನಿನಲ್ಲಿ, ಸೂಜಿಯಲ್ಲಿ ಗೀಚಿದ ಅಂಕಿ. 121.

121 ಇಳಿಸಿದರು. ಅದರ ಬೆನ್ನಿನಲ್ಲಿ 118.

“ಇಪ್ಪತ್ತಾರು ವರ್ಷ ಆಯ್ತು,” ಅಂದರು. ನನ್ನ ಮುಖ ನೋಡದೆ. “ಮೇಲಿನ ಮಹಡಿಯಿಂದ ಇಲ್ಲಿಗೆ ತಂದಾಗ ಬೋರ್ಡಿಗೆಲ್ಲ ಪಾಲಿಶ್ ಮಾಡಿಸಿ ಅಂದ್ರು. ಮುಖ ಎಲ್ಲಾ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ಊಟಕ್ಕೆ ಹೋಗಿ ಬರೋದ್ರೊಳಗೆ ಯಾರೋ ಒರೆಸೋಕೆ ಅಂತ ಸಾಲು ಕೆಡಿಸಿದ್ರು. ಬೆನ್ನು ನೋಡಿ ನೋಡಿ ಜೋಡಿಸ್ಬೇಕಿತ್ತು. ಮಾರನೇ ದಿನ ಇನ್‌ಸ್ಪೆಕ್ಷನ್. ಅಂದಾಜಲ್ಲಿ ಹಾಕಿಬಿಟ್ಟೆ. ಎರಡನೇ ಕಪಾಟು ಪೂರ್ತಿ ಒಂದೇ ರೋಗ. ಯಾರಿಗೂ ಗೊತ್ತಾಗಲಿಲ್ಲ.”

“ಆಮೇಲೆ ಸರಿಮಾಡಬಹುದಿತ್ತಲ್ಲ?”

“ಮಾಡಬಹುದಿತ್ತು.” ಸ್ಕ್ರೂಗಳನ್ನು ಒಂದೆಡೆ ಗುಡ್ಡೆ ಮಾಡಿ — “ಹೆಸರಿಲ್ಲದವರು ಕಣಮ್ಮ. ಯಾರು ಕೇಳಿಕೊಂಡು ಬರ್ತಾರೆ ಅಂದ್ಕೊಂಡೆ.”

ನಿಜವಾದ 118ನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದೆ. ಮೂಗಿನ ಜಾಗದಲ್ಲಿ ಮೂಗಿಲ್ಲ. ಮೇಲ್ತುಟಿ ಎಳೆದುಕೊಂಡು ಹಲ್ಲು ಕಾಣುತ್ತದೆ. ಎಡಗೆನ್ನೆ ಸುಟ್ಟ ಕಾಗದದ ಹಾಗೆ. ಬಲಗೆನ್ನೆ ಮಾತ್ರ ಇಪ್ಪತ್ತೇಳು ವರ್ಷದ್ದು.

“ಹೇಳಬೇಡಮ್ಮ,” ಅಂದರು ಮೇಣದಯ್ಯ. “ನನಗೋಸ್ಕರ ಅಂತ ಅಲ್ಲ. ನನಗೋಸ್ಕರಾನೂ ಹೌದು, ಇನ್ನೆರಡು ತಿಂಗಳಿದೆ. ಆದರೆ ಆ ಮನುಷ್ಯನಿಗೆ ಇದನ್ನ ಹೇಗೆ ತೋರಿಸ್ತೀ?”

ಫೆಬ್ರವರಿ 26, ಬುಧವಾರ

ಎರಡು ದಿನದಿಂದ ಇದೇ. ಬಸ್ಸಿನಲ್ಲಿ, ಸ್ನಾನದಲ್ಲಿ.

ಹೇಳಿದರೆ — ಅವರಮ್ಮ ಬಿಟ್ಟು ಹೋಗಲಿಲ್ಲ. ಇದೇ ಕಟ್ಟಡದಲ್ಲಿ ಸತ್ತರು. ಅಪ್ಪ ಹೇಳಿದ್ದು ಸುಳ್ಳು. ಆದರೆ ಆ ಮುಖ ನೋಡಬೇಕು.

ಹೇಳದಿದ್ದರೆ — ಚೆಂದದ ಮುಖ. ಅದರ ಮೇಲೆ ಸಿಟ್ಟು, ಸಾಯುವವರೆಗೆ.

ಎರಡು ಸಾಲು ಬರೆದ ಮೇಲೆ ಸಂದೇಹವೇ ಉಳಿಯಲಿಲ್ಲ. ಹೇಳಬೇಕು. ನಾಳೆ ಗುರುವಾರ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೇನೆ, ಭಾಷಣ ಸ್ಪರ್ಧೆಗೆ ಹೋಗುವವಳ ಹಾಗೆ. ‘ತಾತ, ಒಂದು ತಪ್ಪಾಗಿದೆ.’ ಇಷ್ಟು ಹೇಳಿದರೆ ಮುಂದಿನದು ಬರುತ್ತದೆ.

ಫೆಬ್ರವರಿ 27, ಗುರುವಾರ

ಹೇಳಲಿಲ್ಲ.

ಎರಡೂ ಹತ್ತಕ್ಕೆ ಬಂದರು. ಬಾಗಿಲ ಒಳಗೆ ಎರಡೇ ಹೆಜ್ಜೆ. ಕಪಾಟಿನ ಹತ್ತಿರ ಹೋಗಲೇ ಇಲ್ಲ.

“ಹೇಳಿ ಹೋಗೋಣ ಅಂತ ಬಂದೆ ಕಣಮ್ಮ. ಇನ್ನು ಬರಲ್ಲ. ಮೂರು ವಾರ ನೋಡಿದೆ. ಕ್ಷಮಿಸೋಣ ಅಂತ ಪ್ರಯತ್ನ ಪಟ್ಟೆ. ಆಗ್ತಿಲ್ಲ. ಈ ವಯಸ್ಸಲ್ಲಿ ಹೊಸದಾಗಿ ಸಿಟ್ಟು ಯಾಕೆ ಬೆಳೆಸಲಿ?”

“ತಾತ,” ಅಂದೆ.

ಅಷ್ಟರಲ್ಲಿ ಮೆಟ್ಟಿಲಿನಿಂದ ನಾಲ್ಕೈದು ಜನ ವಿದ್ಯಾರ್ಥಿಗಳು ಗದ್ದಲ ಮಾಡುತ್ತಾ ಬಂದರು. “ಏಯ್ ಇಲ್ನೋಡೋ, ನಿನ್ ಮಾವ!” ಅಂತ ಒಬ್ಬ ಮುಖವೊಂದನ್ನು ತೋರಿಸಿದ. ಎಲ್ಲರೂ ನಕ್ಕರು. ಅವರೆಲ್ಲರ ಮುಂದೆ ಬಾಯಿ ತೆರೆಯುವುದೆಂದರೆ... ಚೀಟಿ ಜೇಬಿನಲ್ಲೇ ಇತ್ತು. ಅವರು ಹೋಗಲಿ, ಆಮೇಲೆ ಹೇಳೋಣ ಎಂದುಕೊಂಡೆ.

ತಾತ ನನ್ನ ತಲೆ ಸವರಿ ಹೊರಟುಬಿಟ್ಟರು. ಮೆಟ್ಟಿಲು ಹತ್ತುವ ಸದ್ದು ಕೊನೆಯವರೆಗೂ ಕೇಳಿದೆ. ಇಪ್ಪತ್ತೆರಡು ಮೆಟ್ಟಿಲು. ಎಷ್ಟು ನಿಧಾನ ಹತ್ತಿದರು ಎಂದರೆ ಯಾವ ಮೆಟ್ಟಿಲಿನಲ್ಲಿ ಬೇಕಾದರೂ ಕರೆಯಬಹುದಿತ್ತು.

ಮಾರ್ಚ್ 6, ಗುರುವಾರ

ಯಾರೂ ಬರಲಿಲ್ಲ. 23 ಡಿಗ್ರಿ.

ಮಾರ್ಚ್ 13, ಗುರುವಾರ

ಯಾರೂ ಬರಲಿಲ್ಲ. ಲೇಬಲ್ ಬರೆಯಲಾಗಲಿಲ್ಲ. ಡಾಕ್ಟರಮ್ಮನಿಗೆ ತಲೆನೋವು ಅಂದೆ.

ಮಾರ್ಚ್ 14, ಶುಕ್ರವಾರ

ಅಕ್ಕ ಪತ್ತೆ ಹಚ್ಚಿದಳು. ಊಟ ಬಿಟ್ಟರೆ ಅವಳಿಗೆ ತಿಳಿಯುತ್ತದೆ. ಬಟ್ಟೆ ಮಡಚುತ್ತಾ ಕೂತಿದ್ದಳು, ನಾನು ಎಲ್ಲ ಹೇಳಿದೆ. ಮಡಚುವುದನ್ನು ನಿಲ್ಲಿಸಲಿಲ್ಲ.

“ಎರಡು ವಾರ ಆಯ್ತಾ?”

“ಹೂಂ.”

“ಒಬ್ಬ ಮುದುಕ ತನ್ನ ತಾಯಿಯನ್ನ ಬೈಕೊಂಡು ಕೂತಿದ್ದಾನೆ, ಅದು ಅವನ ತಾಯಿಯೇ ಅಲ್ಲ ಅಂತ ನಿನಗೆ ಗೊತ್ತು, ನೀನು ನಾಚ್ಕೊಂಡು ಕೂತಿದ್ದೀಯ.”

“ನಾಚಿಕೆ ಅಲ್ಲ ಅಕ್ಕ, ಹೇಗೆ ಹೇಳೋದು ಅಂತ...”

“ಚಿಕ್ಕವಳಿದ್ದಾಗ ಜ್ವರ ಬಂದ್ರೂ ಹೇಳ್ತಿರಲಿಲ್ಲ ನೀನು. ಮೈ ಮುಟ್ಟಿ ನಾನೇ ಕಂಡುಹಿಡೀಬೇಕಿತ್ತು. ಆವಾಗ ನಿನ್ನ ಮೈ, ನಿನ್ನ ಜ್ವರ. ಈಗ ಹಾಗಲ್ಲ ಕಣೇ.”

ಭಾವ ಒಳಗಿನಿಂದ, “ವಿಳಾಸ ಇದ್ರೆ ಕೊಡು, ಭಾನುವಾರ ಬೈಕಲ್ಲಿ ಬಿಡ್ತೀನಿ. ನಾನು ಒಳಗೆ ಬರಲ್ಲ, ಹೊರಗೇ ನಿಂತಿರ್ತೀನಿ,” ಅಂದರು. ತಮಾಷೆ ಮಾಡಲಿಲ್ಲ.

ಸಂದರ್ಶಕರ ಪುಸ್ತಕದಲ್ಲಿ ವಿಳಾಸವಿದೆ. ದುಂಡು ಅಕ್ಷರ.

ಮಾರ್ಚ್ 16, ಭಾನುವಾರ

ಮುಂದೆ ಗಡಿಯಾರದ ಅಂಗಡಿ, ಹಿಂದೆ ಮನೆ. ಅಂಗಡಿ ಈಗ ಮಗಳದ್ದು. ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಆ ಮೇಣದ ಕೋಣೆಯ ಹುಡುಗಿ ನೀನೇನಾ? ಅಲ್ಲಿಗೆ ಹೋದಾಗಿಂದ ಅಪ್ಪ ಅಪ್ಪನ ಹಾಗಿಲ್ಲ. ಸುಮ್ಮನೆ ಇದ್ದವರನ್ನ ಕೆದಕಿ ಕಳಿಸಿದ್ರಿ ನೀವು.”

ತಲೆ ತಗ್ಗಿಸಿದೆ. ಒಳಗೆ ಬಿಟ್ಟರು.

ತಾತ ಕಿಟಕಿ ಹತ್ತಿರ ಕುರ್ಚಿಯಲ್ಲಿದ್ದರು. ಗಡ್ಡ ಬೆಳೆದಿತ್ತು. ಕುಳಿತುಕೊಳ್ಳದೆ, ನಿಂತಲ್ಲೇ, ನೆಲ ನೋಡುತ್ತಾ ಎಲ್ಲ ಹೇಳಿದೆ. ಪಾಲಿಶ್, ಸ್ಕ್ರೂ, ಬೆನ್ನಿನ ಅಂಕಿ, ರಿಜಿಸ್ಟರಿನ ಸಾಲು. ವಾರ್ಡ್ 4. ಜನವರಿ 30. ಅವರು ಬಿಟ್ಟು ಹೋಗಲಿಲ್ಲ ತಾತ, ನಿಮ್ಮಜ್ಜಿ ಹೇಳಿದ್ದೇ ನಿಜ.

ತಲೆ ಎತ್ತಿದಾಗ ತಾತ ನಗುತ್ತಿದ್ದರು. ಒಳ್ಳೆಯ ನಗು.

“ಏನು ಓದಿದ್ದೀಯಮ್ಮ ನೀನು?”

“ಸಾಹಿತ್ಯ.”

“ಅದೇ ಅಂದ್ಕೊಂಡೆ. ಚೆನ್ನಾಗಿ ಕಟ್ಟಿದ್ದೀಯ. ಮುದುಕ ನೊಂದ್ಕೊಂಡ ಅಂತ ಪಾಪ, ಎರಡು ವಾರ ಕೂತು ಯೋಚನೆ ಮಾಡಿದ್ದೀಯ. ದೊಡ್ಡ ಮನಸ್ಸು ನಿಂದು. ಚಹಾ ಕುಡಿ, ಹೋಗು.”

“ಕಟ್ಟಿದ್ದಲ್ಲ ತಾತ! ನಿಜ.”

“ನಿಜ ಆಗಿದ್ರೆ ಆವತ್ತೇ ಹೇಳ್ತಿದ್ದೆ. ಗೊತ್ತಿದ್ದೂ ಯಾರಾದ್ರೂ ಇಂಥದ್ದನ್ನ ಹೇಳದೆ ಇರ್ತಾರಾ?”

ಮನಸ್ಸಿನಲ್ಲೇ ಅಂದುಕೊಂಡೆ — ಇರ್ತಾರೆ ತಾತ. ನನ್ನಂಥವರು ಇರ್ತಾರೆ.

“ಆ ಚೀಟಿ ಕೊಡಿ ತಾತ, ಅದರ ತಾರೀಖೂ ರಿಜಿಸ್ಟರಿನ ತಾರೀಖೂ ಹೊಂದಿಸಿ ತೋರಿಸ್ತೀನಿ.”

“ಎಲ್ಲಿಯ ಚೀಟಿ? ಕೊನೇ ಸಲ ಅಲ್ಲಿಂದ ಬಂದವನೇ ಹರಿದು ಒಲೆಗೆ ಹಾಕಿದೆ.”

ಗಡಿಯಾರಗಳ ಸದ್ದು ಒಮ್ಮೆಲೇ ಜೋರಾದ ಹಾಗಾಯಿತು. ಎಪ್ಪತ್ತೊಂದು ವರ್ಷ ಪೆಟ್ಟಿಗೆಯ ತಳದಲ್ಲಿ ಉಳಿದಿತ್ತು ಅದು. ಅದನ್ನು ಸುಟ್ಟದ್ದು ನನ್ನ ಎರಡು ವಾರ ಅಲ್ಲ, ಆವತ್ತು ನಾನು ಕರೆಯದೆ ಬಿಟ್ಟ ಇಪ್ಪತ್ತೆರಡು ಮೆಟ್ಟಿಲು... ನಾನು ಅಳಲು ಶುರು ಮಾಡಿದೆ. ಮಗುವಿನ ಹಾಗೆ, ಸದ್ದು ಮಾಡಿ. ನನಗೇ ಗೊತ್ತಿರದ ಸದ್ದು.

ತಾತನ ನಗು ನಿಂತಿತು. ನನ್ನನ್ನೇ ನೋಡಿದರು. ಬಹಳ ಹೊತ್ತು. ನಿಂತ ಗಡಿಯಾರವನ್ನು ಬಿಚ್ಚಿ ನೋಡುವವರ ಹಾಗೆ.

“ಗುರುವಾರ ಬರ್ತೀನಿ,” ಅಂದರು.

ಮಾರ್ಚ್ 18, ಮಂಗಳವಾರ

ಮೇಣದಯ್ಯ ತಾವೇ ಡಾಕ್ಟರಮ್ಮನ ಕೋಣೆಗೆ ಹೋದರು. ನಾನು ಕೇಳಿಕೊಳ್ಳಲಿಲ್ಲ. ಭಾನುವಾರದ ವಿಷಯ ಹೇಳಿದೆ ಅಷ್ಟೇ. ಟೋಪಿ ತೆಗೆದು ಮೇಜಿನ ಮೇಲಿಟ್ಟು ಎದ್ದರು.

ಇಪ್ಪತ್ತು ನಿಮಿಷ ಬಾಗಿಲು ಮುಚ್ಚಿತ್ತು. ಆಮೇಲೆ ಡಾಕ್ಟರಮ್ಮನೇ ಕೆಳಗೆ ಬಂದರು. ಎರಡನೇ ಕಪಾಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ನಾನು ಓದಿದ್ದೂ ಇವುಗಳನ್ನ ನೋಡಿಯೇ. ಈ ಕಪಾಟಿನ ಮುಂದೆಯೇ ಪರೀಕ್ಷೆ ಕೊಟ್ಟಿದ್ದೀನಿ.” ಯಾರಿಗೆ ಹೇಳಿದರೋ. ಆಮೇಲೆ ನನಗೆ — “ಎಲ್ಲಾ ಬಿಚ್ಚಿ ಬೆನ್ನು ನೋಡಿ. ಆ ಕಪಾಟಿನ ಲೇಬಲ್ಲು ಹೊಸದಾಗಿ ಬರಿ.”

ಮೇಣದಯ್ಯನ ಬಗ್ಗೆ ಒಂದೂ ಮಾತಿಲ್ಲ. ಸಂಜೆಯವರೆಗೆ ಇಬ್ಬರೂ ಸ್ಕ್ರೂ ಬಿಚ್ಚಿದೆವು. ಹನ್ನೆರಡು ಮುಖ ತಪ್ಪು ಬೋರ್ಡಿನಲ್ಲಿದ್ದವು. 118ನ್ನು ಅದರ ಬೋರ್ಡಿಗೆ ಸೇರಿಸಲಿಲ್ಲ. ತಾತ ಬೆನ್ನು ನೋಡಲಿ ಎಂದು ಹಾಗೇ ಬಟ್ಟೆಯ ಮೇಲೆ ಮಲಗಿಸಿಟ್ಟೆವು.

ಮಾರ್ಚ್ 20, ಗುರುವಾರ. ಸಂಜೆ 6.30

ಬಂದರು. ಮಗಳು ಕೈ ಹಿಡಿದುಕೊಂಡು ಇಳಿಸಿದರು. ತಾತ ಗಡ್ಡ ತೆಗೆದಿದ್ದರು. ಕತ್ತಿನ ಗುಂಡಿಯೂ ಹಾಕಿದ್ದರು. ಮಗಳಿಗೆ ಮೇಲೆ ಕಾಯಲು ಹೇಳಿದರು.

ಮೇಣದಯ್ಯ ಮೊದಲು ಬೆನ್ನು ತೋರಿಸಿದರು. ತಾತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಅಂಕಿ ಓದಿದರು. ಒಂದು. ಒಂದು. ಎಂಟು. ನಾನು ರಿಜಿಸ್ಟರಿನ ಸಾಲನ್ನು ಓದಿ ಹೇಳಿದೆ, ಕೊನೆಯ ಕಾಲಮಿನವರೆಗೂ. ವಾರ್ಡ್ 4ರಲ್ಲಿ ಮರಣ ಎಂದಾಗ ತಾತ ಕಣ್ಣು ಮುಚ್ಚಿ ತಲೆಯಾಡಿಸಿದರು. “ಸುಳ್ಳು ಹೇಳಿದ ಮುಂಡೇಗಂಡ,” ಅಂದರು ಮೆಲ್ಲಗೆ. ಅಪ್ಪನಿಗೆ.

“ತಿರುಗಿಸಿ,” ಅಂದರು.

ಮೇಣದಯ್ಯ ತಿರುಗಿಸಿದರು. ನಾನು ತಾತನ ಮುಖ ನೋಡುತ್ತಿದ್ದೆ, ಬೀಳಬಹುದೆಂದು. ಬೀಳಲಿಲ್ಲ. ಮುಖ ತಿರುಗಿಸಲಿಲ್ಲ. ಮೇಜಿನ ಅಂಚು ಹಿಡಿದುಕೊಂಡರು, ಅಷ್ಟೇ.

ಈಗ ಸಮಾಧಾನವಾಗುತ್ತದೆ ಎಂದುಕೊಂಡೆ. ಒಂದು ಕ್ಷಣ ಹೆಮ್ಮೆಯೂ ಆಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

“ಇವಳು ಬಂದಿದ್ಲು,” ಅಂದರು ತಾತ.

ಅರ್ಥವಾಗಲಿಲ್ಲ. “ಎಲ್ಲಿಗೆ ತಾತ?”

“ಸ್ಕೂಲಿಗೆ. ಗೇಟಿನ ಹೊರಗೆ ನಿಲ್ತಿದ್ಲು. ಮುಖಕ್ಕೆ ಬಟ್ಟೆ ಸುತ್ತಿಕೊಂಡು. ನನಗೆ ಏಳು ತುಂಬಿದ ವಾರ. ಹುಟ್ಟಿದ ದಿನ ಅಂತ ಹೊಸ ಅಂಗಿ ಹಾಕಿಸಿದ್ರು, ಅದಕ್ಕೇ ನೆನಪಿದೆ. ಮೂರು ದಿನ ಬಂದಿದ್ಲು. ಯಾರ ಅಮ್ಮನೋ, ಹುಚ್ಚಿಯೋ ಅಂತ ನಾವೆಲ್ಲ ಕೂಗ್ತಿದ್ವಿ. ಮೂರನೇ ದಿನ ಗಾಳಿಗೆ ಬಟ್ಟೆ ಸರಿದು ಹೋಯ್ತು.”

ಮೇಣದಯ್ಯ ಮುಖವನ್ನು ಮೇಜಿನ ಮೇಲಿಟ್ಟರು. ಕೈ ಬಿಡಲಿಲ್ಲ.

“ನನ್ನ ಹೆಸರು ಹಿಡಿದು ಕರೆದ್ಲು. ಎಲ್ಲಾ ಹುಡುಗರ ಎದುರಿಗೆ. ಆ ಬಾಯಲ್ಲಿ ನನ್ನ ಹೆಸರು. ಎಲ್ಲರೂ ನನ್ನ ಕಡೆ ತಿರುಗಿದ್ರು. ನನಗೆ ಎಷ್ಟು ಅವಮಾನ ಆಯ್ತು ಗೊತ್ತಾ? ಅವಳು ಯಾರೂ ಅಲ್ಲ ಅಂತ ತೋರಿಸಬೇಕಿತ್ತು ನನಗೆ.” ಬಲಗೈ ಎತ್ತಿ ಅದನ್ನೇ ನೋಡಿದರು. “ಕಲ್ಲು ಎತ್ಕೊಂಡೆ. ಎಲ್ಲರೂ ಎಸೆದ್ರು. ನಂದು ತಗುಲ್ತು.”

ಕೈ ಇಳಿಸಿದರು.

“ಎಪ್ಪತ್ತೊಂದು ವರ್ಷ, ಯಾವಳೋ ಹುಚ್ಚಿಗೆ ಹೊಡೆದೆ ಅಂದ್ಕೊಂಡಿದ್ದೆ. ಆಮೇಲೆ ಆಕೆ ಬರಲಿಲ್ಲ.”

ಭೂತಗನ್ನಡಿ ಮತ್ತೆ ಕಣ್ಣಿಗೆ ಏರಿತು. ಬಾಗಿದರು. ಮೂಗಿನ ಜಾಗ ನೋಡಲಿಲ್ಲ, ತುಟಿ ನೋಡಲಿಲ್ಲ. ನೇರವಾಗಿ ಬಲಹುಬ್ಬಿನ ಮೇಲೆ, ಬಿಳಿ ಬಟ್ಟೆಯ ಅಂಚು ಹಣೆಯನ್ನು ಮುಚ್ಚುವಲ್ಲಿ. ಬಟ್ಟೆಯನ್ನು ಉಗುರಿನಿಂದ ಕೂದಲೆಳೆಯಷ್ಟು ಮೇಲೆ ಸರಿಸಿದರು. ಮುಟ್ಟಬಾರದು ಎನ್ನಲು ಮೇಣದಯ್ಯನಿಗೂ ಆಗಲಿಲ್ಲ.

ಅಲ್ಲಿ ಒಂದು ಗಾಯ. ಕಪ್ಪಾಗಿ ಒಣಗುತ್ತಿದ್ದ, ಹೆಬ್ಬೆರಳಿನ ಉಗುರಿನಷ್ಟು ಸೀಳು. ಮೇಣ ಎಲ್ಲವನ್ನೂ ಹಿಡಿಯುತ್ತದೆ.

“ಇದು,” ಅಂದರು ತಾತ. “ಇದೂ ಆ ರೋಗದ್ದೇನಾ ಅಮ್ಮ? ರಿಜಿಸ್ಟರಲ್ಲಿ ಇದೆಯಾ ನೋಡು.”

ರಿಜಿಸ್ಟರ್ ನನ್ನ ಕೈಯಲ್ಲೇ ಇತ್ತು. ಮೂಗು ಪೂರ್ತಿ, ಮೇಲ್ತುಟಿ, ಎಡಗೆನ್ನೆ. ಹಣೆ ಇಲ್ಲ. ಅಚ್ಚು ಅಕ್ಟೋಬರ್ 19. ಹುಟ್ಟಿದ ದಿನ ಯಾವಾಗ ಎಂದು ನಾನು ಕೇಳಲಿಲ್ಲ. ಕೇಳಲು ಭಯವಾಯಿತು. ಕಲ್ಲು ಬಿದ್ದು ಕೆಲವೇ ದಿನ. ಅದೇ ಹಣೆಗೆ ಪ್ಲಾಸ್ಟರ್ ಹಚ್ಚಿಸಿಕೊಂಡು ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗಿದ್ದರು. ಆಮೇಲೆ ಹಾಲಿನ ಚೀಟಿ ಮನೆಗೆ ಕಳಿಸಿದರು.

ಮೇಣದಯ್ಯ ನನ್ನನ್ನು ನೋಡಿದರು.

“ಹೌದು ತಾತ,” ಅಂದೆ. “ಬರೆದಿದೆ. ‘ಹಣೆಯ ಮೇಲೂ ಹರಡುತ್ತಿದೆ’ ಅಂತ.”

ಓದುವವಳ ಹಾಗೇ ಹೇಳಿದೆ. ಬೆರಳನ್ನು ಸಾಲಿನ ಮೇಲೆ ಇಟ್ಟುಕೊಂಡು. ಒಂದು ಅಕ್ಷರವೂ ತೊದಲಲಿಲ್ಲ.

ತಾತ ಭೂತಗನ್ನಡಿ ತೆಗೆದರು. ಪುಟದ ಕಡೆ ನೋಡಿದರು. ಅವರು ನಿಂತ ಕಡೆಗೆ ರಿಜಿಸ್ಟರಿನ ರಟ್ಟು ಇತ್ತು. ಓದು ಬಲ್ಲವರು. ಕೊಡು ಎಂದಿದ್ದರೆ ಕೊಡಬೇಕಿತ್ತು.

ಕೇಳಲಿಲ್ಲ. “ಸರಿಯಮ್ಮ,” ಅಂದರು. ಸ್ಟೂಲ್ ಎಳೆದುಕೊಂಡು ಮುಖದ ಮುಂದೆ ಕುಳಿತರು. ನಾಲ್ಕು ಗಂಟೆಗೆ ಬಾಗಿಲು ಮುಚ್ಚಬೇಕು. ಐದಾದರೂ ಏಳಿ ಎನ್ನಲಿಲ್ಲ.

ನಾಳೆ 118ರ ಲೇಬಲ್ ಡಾಕ್ಟರಮ್ಮನ ಮೇಜಿಗೆ ಹೋಗಬೇಕು. ಮುಂದಿನ ಗುರುವಾರದ ಹೊತ್ತಿಗೆ ಗಾಜಿನ ಮೇಲೆ ಅಂಟಿಸಿರುತ್ತಾರೆ. ತಾತ ಓದುತ್ತಾರೆ. ರಿಜಿಸ್ಟರಿನಲ್ಲಿ ಇಲ್ಲದ ಮಾತನ್ನು ಡಾಕ್ಟರಮ್ಮ ಬಿಡುವುದಿಲ್ಲ. ಇಷ್ಟು ಬರೆದು ಪೆನ್ನು ನಿಂತಿದೆ —

‘118. ಹೆಣ್ಣು, 27. ಚರ್ಮದ ಕ್ಷಯ, ಮೂರನೇ ವರ್ಷ. ಮೂಗು ಪೂರ್ತಿ, ಮೇಲ್ತುಟಿ, ಎಡಗೆನ್ನೆ ಕಿವಿಯವರೆಗೆ. ಹಣೆಯ ಮೇಲೆ